ಕೊನೆಯ ಮೂರು ಸುತ್ತು

2025ರ ನವೆಂಬರ್, ಫೀನಿಕ್ಸ್. ಅಮೆರಿಕದ ನ್ಯಾಸ್ಕಾರ್ ಕಾರ್ ರೇಸಿಂಗ್ ಫೈನಲ್‌ನಲ್ಲಿ ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದ. ಇನ್ನು ಮೂರೇ ಸುತ್ತು ಅನ್ನುವಾಗ ವಿಲಿಯಂ ಬೈರನ್ ಕಾರಿನ ಟೈರ್ ಹೋಯಿತು, ಎಲ್ಲರೂ ನಿಧಾನಿಸಬೇಕಾದ ಹಳದಿ ಬಾವುಟ ಬಂತು. ಪಿಟ್‌ನಲ್ಲಿ ಹ್ಯಾಮ್ಲಿನ್ ನಾಲ್ಕೂ ಟೈರ್ ಬದಲಿಸಿದ, ಕೈಲ್ ಲಾರ್ಸನ್ ಎರಡೇ ಬದಲಿಸಿ ಅವನಿಗಿಂತ ಮುಂದೆ ಹೊರಬಂದ. ಅವತ್ತು ಒಂದು ಸುತ್ತೂ ಮುಂದಿರದ ಲಾರ್ಸನ್ ಚಾಂಪಿಯನ್! ಹ್ಯಾಮ್ಲಿನ್‌ನ ಇಡೀ ವರ್ಷದ ದುಡಿಮೆ ಯಾರದೋ ಪಂಕ್ಚರಿಗೆ ನೀರುಪಾಲು.

ಒಂದೇ ರೇಸಿನಲ್ಲಿ ಪಟ್ಟ ನಿರ್ಧರಿಸುವ ಈ ಪದ್ಧತಿ ಹೋಗಿ 2026ಕ್ಕೆ ಹಳೇ ‘ಚೇಸ್’ ಪದ್ಧತಿ ವಾಪಸ್: 16 ಚಾಲಕರು, 10 ರೇಸ್, ಒಟ್ಟು ಅಂಕ ಹೆಚ್ಚಿದ್ದವನಿಗೆ ಪಟ್ಟ. ಫೈನಲ್ ಸ್ವಲ್ಪ ಸಪ್ಪೆ ಆಗಬಹುದು. ಆಗಲಿ ಬಿಡಿ, ಲಾಟರಿಗಿಂತ ಲೆಕ್ಕವೇ ವಾಸಿ.