20 ಅಡಿ ಎತ್ತರದ ಬೇಲಿಗಳ ಊರಲ್ಲಿ

ಫ್ಲೋರಿಡಾಕ್ಕೆ ಬಂದವರೆಲ್ಲ ಸಮುದ್ರದ ಫೋಟೊ ಹಾಕ್ತಾರೆ. ನನ್ನ ಫೋನ್ ತುಂಬ ಇರೋದು ಬೇಲಿಗಳ ಫೋಟೊ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ವೆಸ್ಟ್ ಪಾಮ್ ಬೀಚ್‌ಗೆ ಬಂದು ಎರಡು ವರ್ಷ ಆಯ್ತು. ಭಾನುವಾರ ಸೈಕಲ್ ತಗೊಂಡು ಸೇತುವೆ ದಾಟಿದರೆ ಪಾಮ್ ಬೀಚ್ ದ್ವೀಪ. ಕೋಟ್ಯಧೀಶರ ಊರು, ಆದರೆ ಎಷ್ಟೋ ಬೀದಿಗಳಲ್ಲಿ ಒಂದು ಬಂಗಲೆಯೂ ಕಣ್ಣಿಗೆ ಬೀಳಲ್ಲ. ಎರಡೂ ಕಡೆ ಹಸಿರು ಗೋಡೆ. ಕೆಲವಂತೂ 20 ಅಡಿಗೂ ಎತ್ತರ, ಅಂಚು ನೋಡಿದರೆ ಮೈಸೂರು ಪಾಕ್ ಕೊಯ್ದ ಹಾಗೆ.

ಹತ್ತಿರ ಹೋಗಿ ಎಲೆ ಕಿತ್ತರೆ ಬಿಳಿ ಹಾಲು ಒಸರುತ್ತೆ. ಆಲ, ಅರಳಿ, ಅತ್ತಿ, ಗೋಣಿ ಮರಗಳ ಮನೆತನದ್ದೇ ಗಿಡ, ಫೈಕಸ್. ಇಲ್ಲಿ ಬೇಲಿಗೆ ಹೆಚ್ಚಾಗಿ ಹಾಕಿರೋದು ಫೈಕಸ್ ಬೆಂಜಮಿನಾ. ಬೆಂಗಳೂರಿನ ಆಫೀಸ್ ಲಾಬಿಗಳಲ್ಲಿ ಕುಂಡದಲ್ಲಿ ನಿಂತಿರುತ್ತಲ್ಲ, ಅದೇ. ನಿಜ ಹೇಳಬೇಕಂದ್ರೆ ಅದು ಬೇಲಿಗಿಡವೇ ಅಲ್ಲ. ಸುಮ್ಮನೆ ಬಿಟ್ಟರೆ 50 ಅಡಿ ಏರುವ ಮರ.

ಬಿಟ್ಟರೆ ಏನಾಗುತ್ತೆ ಅಂತ ನೋಡಬೇಕಾದರೆ ಎರಡೂವರೆ ಗಂಟೆ ಡ್ರೈವ್ ಮಾಡಿ ಫೋರ್ಟ್ ಮೈಯರ್ಸ್‌ಗೆ ಹೋಗಬೇಕು. ಅಲ್ಲಿ ಥಾಮಸ್ ಎಡಿಸನ್‌ನ ಚಳಿಗಾಲದ ಮನೆ ಇದೆ. ಗಿಡಗಳ ಹಾಲಿನಿಂದ ರಬ್ಬರ್ ತೆಗೆಯಬಹುದಾ ಅಂತ ಆತ ಸಾವಿರಾರು ಸಸ್ಯ ಪರೀಕ್ಷೆ ಮಾಡಿದ ಜಾಗ. 1920ರ ದಶಕದಲ್ಲಿ ನೆಟ್ಟ ನಮ್ಮ ದೇಶದ ಆಲದ ಸಸಿ ಈಗ ಹತ್ತಿರ ಹತ್ತಿರ ಒಂದು ಎಕರೆ ಆಕ್ರಮಿಸಿದೆ. ಅದರ ನೆರಳಲ್ಲಿ ನಿಂತಾಗ ಕೇತೋಹಳ್ಳಿಯ ದೊಡ್ಡಾಲದ ಮರ ನೆನಪಾಯ್ತು. ಇಂಥ ಮನೆತನದ ಗಿಡವನ್ನ ಮೂರಡಿ ಅಗಲದಲ್ಲಿ ಇರು ಅಂದರೆ ಅದು ಕೇಳುತ್ತಾ?

ಕೇಳಲ್ಲ. ಅದಕ್ಕೇ ಸವರುತ್ತಲೇ ಇರಬೇಕು. ಎರಡು-ಮೂರು ಅಡಿಗೊಂದು ಸಸಿ ಇಟ್ಟು ಮೊದಲ ಕೆಲವು ತಿಂಗಳು ನೀರು ಕೊಟ್ಟರೆ ಸಾಕು, ಆಮೇಲೆ ವರ್ಷಕ್ಕೆ ಎರಡು-ಮೂರು ಅಡಿ ಏರುತ್ತೆ. ಬುಡ ಸ್ವಲ್ಪ ಅಗಲ, ತಲೆ ಸ್ವಲ್ಪ ಕಿರಿದಾಗಿ ಸವರಬೇಕು. ಉಲ್ಟಾ ಆದರೆ ಕೆಳಗಿನ ಎಲೆಗಳಿಗೆ ಬಿಸಿಲು ಸಿಗದೆ ಬುಡ ಬೋಳಾಗುತ್ತೆ. ಬೇರಿನ ಕಥೆ ಇನ್ನೂ ಜೋರು: ಫುಟ್‌ಪಾತ್ ಎತ್ತುತ್ತೆ, ಪೈಪ್ ಹುಡುಕಿಕೊಂಡು ಹೋಗುತ್ತೆ. ಬೆಂಗಳೂರಲ್ಲಿ 30x40 ಸೈಟಿಗೆ ಫೈಕಸ್ ಬೇಲಿ ಹಾಕೋ ಯೋಚನೆ ಇದ್ದರೆ ಒಂದ್ಸಲ ನಿಮ್ಮ ಸಂಪ್ ಎಲ್ಲಿದೆ ನೋಡ್ಕೊಳ್ಳಿ.

ತುಮಕೂರು ಕಡೆಯ ನಮ್ಮೂರಲ್ಲಿ ಬೇಲಿ ಅಂದ್ರೆ ಕಳ್ಳಿ, ಕತ್ತಾಳೆ. ಅದರ ಕೆಲಸ ದನ ತಡೆಯೋದು. ಇಲ್ಲಿಯದು ಜನರ ಕಣ್ಣು ತಡೆಯೋ ಬೇಲಿ, ಒಂದು ಕಿಂಡಿಯೂ ಇರಬಾರದು. ಆ ಕಿಂಡಿ ಮಾಡಿದ್ದು ಬಿಳಿ ನೊಣ. ನಮ್ಮ ರೈತರು ಟೊಮೆಟೊ ತೋಟದಲ್ಲಿ ಶಾಪ ಹಾಕ್ತಾರಲ್ಲ, ಅದರದೇ ಬಳಗ, ಆದರೆ ಇದು ಫೈಕಸ್ ಪ್ರಿಯ. ಏಷ್ಯಾ ಮೂಲದ ಈ ಕೀಟ ಮಯಾಮಿ ಭಾಗದಲ್ಲಿ ಮೊದಲು ಸಿಕ್ಕಿದ್ದು 2007ರಲ್ಲಿ. ಕೊಂಬೆ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಏಳುತ್ತೆ. ಎಲೆ ಹಳದಿಯಾಗಿ ಉದುರಿ, ಗೋಡೆ ಹೋಗಿ ಬರೀ ಕಡ್ಡಿ ಉಳಿಯುತ್ತೆ. ಮೈಲಿಗಟ್ಟಲೆ ಒಂದೇ ಜಾತಿಯ ಗಿಡ ನೆಟ್ಟಿದ್ದರಿಂದ ಅದಕ್ಕೆ ಹಬ್ಬ. ಬುಡಕ್ಕೆ ಔಷಧಿ ಸುರಿದರೆ ಬೇರು ಹೀರಿಕೊಂಡು ಮತ್ತೆ ಚಿಗುರುತ್ತೆ, ಆದರೆ ಮತ್ತೆ ಮತ್ತೆ ಸುರಿಯಬೇಕು. ಬೇಸತ್ತ ಎಷ್ಟೋ ಜನ ಫೈಕಸ್ ಕಿತ್ತು ಕ್ಲೂಸಿಯಾ ಹಾಕಿದರು. ಕೆಲವರು ಇಲ್ಲಿಯದೇ ಗಿಡವಾದ ಕೋಕೋಪ್ಲಮ್.

ನಾನು ಬಾಡಿಗೆಗಿರುವ ಕಾಂಪ್ಲೆಕ್ಸ್‌ನಲ್ಲೂ ಈ ವರ್ಷ ಅದೇ ಚರ್ಚೆ. ಲೆಕ್ಕ ಸರಳ: ಫೈಕಸ್‌ಗೆ ವರ್ಷಕ್ಕೆ ಆರು ಸಲ ಕತ್ತರಿ, ಕ್ಲೂಸಿಯಾಗೆ ಎರಡು-ಮೂರು ಸಲ ಸಾಕು. ಎಂಜಿನಿಯರ್ ಬುದ್ಧಿಗೆ ಇದರಲ್ಲಿ ಯೋಚಿಸೋದೇನೂ ಇಲ್ಲ. ಆದರೆ ಆ ಉಳಿದ ಮೂರು-ನಾಲ್ಕು ಸಲ ಯಾರದು ಅಂತ ನನಗೆ ಗೊತ್ತಿತ್ತು. ಬೇಲಿ ಸವರಲು ಬರುವ ಹಿರಿಯರು ಗ್ವಾಟೆಮಾಲಾದವರು. ನನ್ನದು ಆ್ಯಪ್‌ನಲ್ಲಿ ಕಲಿತ ಸ್ಪ್ಯಾನಿಷ್, ಅವರದು ಹತ್ತಿಪ್ಪತ್ತು ಪದದ ಇಂಗ್ಲಿಷ್. ಹೇಗೋ ಮಾತು ನಡೆಯುತ್ತೆ. ಅಳತೆಗೆ ದಾರ ಕಟ್ಟಿ, ಏಣಿ ಮೇಲೆ ಹಲಗೆ ಹಾಕಿಕೊಂಡು ಸವರ್ತಾರೆ. ಹಾಲು ತಾಗಿ ತುರಿಸುತ್ತೆ ಅಂತ ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ. "ಕ್ಲೂಸಿಯಾ ಒಳ್ಳೆ ಗಿಡ," ಅಂದರು ಒಂದು ದಿನ, ಕತ್ತರಿ ಒರೆಸುತ್ತಾ. "ಸೋಮಾರಿ ಗಿಡ. ನನಗೆ ಕೆಲಸ ಕೊಡಲ್ಲ."

ವೋಟು ಮನೆ ಮಾಲೀಕರಿಗೆ ಮಾತ್ರ. ಕ್ಲೂಸಿಯಾ ಗೆದ್ದಿತು. ನನಗೆ ವೋಟು ಇದ್ದಿದ್ದರೂ ಬಹುಶಃ ಅದಕ್ಕೇ ಹಾಕ್ತಿದ್ದೆ, ಖುಷಿಯಿಂದ ಅಲ್ಲ. ಕಳೆದ ತಿಂಗಳು ರಸ್ತೆ ಕಡೆಯ ಬೇಲಿ ಕಿತ್ತರು. ಒಂದು ದಿನದ ಕೆಲಸ ಅಂದುಕೊಂಡಿದ್ದು, ಬೇರು ನೀರಿನ ಪೈಪಿಗೆ ಸುತ್ತಿಕೊಂಡಿದ್ದರಿಂದ ಮೂರು ದಿನ ಹಿಡಿಯಿತು. ಆ ಮೂರು ದಿನದ ಕೂಲಿ ಅವರಿಗೇ ಸಿಕ್ಕಿತು. ಈಗ ಅಲ್ಲಿ ಮೊಣಕಾಲೆತ್ತರದ ಕ್ಲೂಸಿಯಾ ಸಾಲು ನಿಂತಿದೆ. ಆಚೆ ಹೋಗೋ ಬಸ್ಸಿನ ನಂಬರ್ ನಮ್ಮ ಅಡುಗೆಮನೆಯಿಂದಲೇ ಓದಬಹುದು.