ನಾವು ಲ್ಯಾಪ್‌ಟಾಪ್ ಕೊಂಡದ್ದು

ಸೀರೆ ಕೊಳ್ಳುವುದರಲ್ಲಿ ನಮ್ಮನ್ನು ಯಾರೂ ಏಮಾರಿಸಲಾರರು. ಸೆರಗು ಬಿಡಿಸಿ ನೋಡುತ್ತೇವೆ, ಜರಿಯನ್ನು ಬೆರಳಲ್ಲಿ ಉಜ್ಜುತ್ತೇವೆ, ಬಣ್ಣ ಹೋದರೆ ವಾಪಸು ತಂದುಕೊಡುತ್ತೇನೆ ನೋಡಪ್ಪಾ ಎಂದು ಮೊದಲೇ ಗದರಿಸಿಟ್ಟಿರುತ್ತೇವೆ. ಲ್ಯಾಪ್‌ಟಾಪನ್ನು ಹೇಗೆ ಉಜ್ಜಿ ನೋಡುವುದು? ಮೇಲಿಂದ ನೋಡಿದರೆ 45 ಸಾವಿರದ್ದೂ ಒಂದು ಕಪ್ಪು ಹಲಗೆ, 95 ಸಾವಿರದ್ದೂ ಒಂದು ಕಪ್ಪು ಹಲಗೆ. ಆದ್ದರಿಂದ ಡಬ್ಬದ ಮೇಲೆ ಬರೆದ ಅಂಕಿಯನ್ನೇ ನಂಬಿಕೊಂಡು ದುಡ್ಡು ಎಣಿಸಿ ಬರುವವರೇ ಹೆಚ್ಚು. ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಆ ಅಂಕಿಯ ಹಿಂದೆ ಸ್ವಲ್ಪ ಇಣುಕಿ ನೋಡಿದೆ. ಕಂಡದ್ದನ್ನು ನಿಮಗೂ ಹೇಳೋಣ ಎನ್ನಿಸಿತು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೆ. ಹಾಗಾಗಿ ಸೋದರಿಯರೇ, ನನಗೆ ಅರ್ಥವಾದದ್ದು ನಿಮಗೆ ಆಗದೇ ಇರದು!

ನಮ್ಮೂರು ತಿಪಟೂರು. 2024ರಲ್ಲಿ ಮಗಳಿಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಆರ್ಕ್. ಸೀಟು ಸಿಕ್ಕಿತು. ಮನೆ, ಕಟ್ಟಡಗಳ ನಕ್ಷೆ ಹಾಕುವ ಓದು, ಐದು ವರ್ಷದ್ದು. ಮೊದಮೊದಲು ಹಲಗೆಯ ಮೇಲೆ ಪೆನ್ಸಿಲಿನಲ್ಲೇ ಬರೆಸುತ್ತಾರಂತೆ. ಆಮೇಲೆ ಎಲ್ಲಾ ಕಂಪ್ಯೂಟರಿನಲ್ಲೇ. ಆಟೋಕ್ಯಾಡ್, ಸ್ಕೆಚ್‌ಅಪ್, ರೆವಿಟ್, ಲೂಮಿಯಾನ್ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಈ ಲೂಮಿಯಾನ್ ಎಂಬುದು ಇನ್ನೂ ಕಟ್ಟದ ಮನೆಯನ್ನು ಕಟ್ಟಿದ ಹಾಗೇ ತೋರಿಸುತ್ತದೆ. ಅಂಗಳದಲ್ಲಿ ಬಿಸಿಲು, ಕಿಟಕಿಯಲ್ಲಿ ಪರದೆ, ಗಾಳಿಗೆ ಅಲ್ಲಾಡುವ ಗಿಡ, ಎಲ್ಲವೂ. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ‘ಗ್ರಾಫಿಕ್ಸ್ ಕಾರ್ಡ್’ ಎಂಬ ಬೇರೆಯದೇ ಒಂದು ಅಂಗ ಬೇಕು. ಪರದೆಯ ಮೇಲಿನ ಚಿತ್ರ ಬರೆಯುವುದೇ ಅದರ ಉದ್ಯೋಗ. ‘ಕನಿಷ್ಠ 4 ಜಿಬಿ ಗ್ರಾಫಿಕ್ಸ್’ ಎಂದು ಕಾಲೇಜಿನವರ ಚೀಟಿಯಲ್ಲಿ ಇತ್ತು. ಅಷ್ಟೇ, ಮತ್ತೇನೂ ವಿವರವಿಲ್ಲ.

ದುಡ್ಡಿನ ವಿಚಾರವನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷ ಚೀಟಿ ಕಟ್ಟಿ ನಾನು 70 ಸಾವಿರ ಕೂಡಿಸಿದ್ದೆ. ಅಡಿಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಕಿಸಬೇಕೆಂದು ಇಟ್ಟ ದುಡ್ಡು ಅದು. ಹಳೇ ಕಡಪಾ ಕಲ್ಲು ಬಿರುಕುಬಿಟ್ಟು, ಸಂದಿನಲ್ಲಿ ಇರುವೆ ಸಂಸಾರ ಹೂಡಿದೆ. ಮಗಳ ಓದಿಗಿಂತ ಕಟ್ಟೆ ಹೆಚ್ಚೇ ಎಂದು ಕೊಡಲು ಒಪ್ಪಿದೆ. ಆದರೆ ಕೊಡುವ ಮುಂಚೆ ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ನನಗಿಲ್ಲವೇ? ನಮ್ಮವರು, “ನಿನಗೇನು ತಿಳಿಯುತ್ತೆ ಅದೆಲ್ಲ? 4 ಜಿಬಿ ಕೇಳಿ ತಂದರಾಯಿತು” ಎಂದರು. ನಾನು ಏನೂ ಮಾತಾಡಲಿಲ್ಲ. ರಾತ್ರಿ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಫೋನ್ ಹಚ್ಚಿದೆ. ಅವನಿಗೆ ಇದೇ ಕೆಲಸ.

“ಅತ್ತೆ, ಜಿಬಿ ಒಂದನ್ನೇ ನೋಡಬೇಡಿ. ಮೊದಲು ಯಾವ ಕಾರ್ಡು ಅಂತ ಕೇಳಿ, ಜಿಬಿ ಆಮೇಲೆ” ಎಂದು ಅವನು ಶುರು ಮಾಡಿದ. ಅರ್ಧ ಗಂಟೆ ಹೇಳಿದ. ನಾನು ಅದನ್ನು ಅರ್ಥಮಾಡಿಕೊಂಡದ್ದು ಮಿಕ್ಸಿಯ ಲೆಕ್ಕದಲ್ಲಿ.

ಆ ಜಿಬಿ ಅನ್ನುವುದು ಜಾರು. ಚಿತ್ರಕ್ಕೆ ಬೇಕಾದ ಸಾಮಾನೆಲ್ಲ ತುಂಬಿಕೊಳ್ಳುವ ಜಾಗ. ಅರೆಯುವುದು ಮೋಟಾರು, ಎಂದರೆ ಕಾರ್ಡಿನ ಚಿಪ್ಪು. ಜಾರು ದೊಡ್ಡದಾಯಿತೆಂದು ಉದ್ದು ಬೇಗ ನುಣ್ಣಗಾಗುವುದಿಲ್ಲ. ಸಣ್ಣ ಮೋಟಾರಿನ ಮೇಲೆ ದೊಡ್ಡ ಜಾರು ಕೂರಿಸಿ ತುಂಬಾ ಹಾಕಿದರೆ ಗೊರಗೊರ ಶಬ್ದ, ಸುಟ್ಟ ವಾಸನೆ. ಹಾಗೆಂದು ಜಾರು ಸಣ್ಣದಿದ್ದರೂ ಕಷ್ಟವೇ. ಒಂದು ಸೇರು ಉದ್ದನ್ನು ಚಟ್ನಿ ಜಾರಿನಲ್ಲಿ ಹಾಕಿ ತೆಗೆದು, ಹಾಕಿ ತೆಗೆದು, ಬೆಳಗೇ ಆಗಿಹೋಗುತ್ತದೆ. ಕಾರ್ಡಿನ ಜಾಗ ಸಾಲದೆ ಹೋದರೂ ಹೀಗೇನೇ. ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ಜಾಗ ಕಡ ತರುತ್ತದೆ. ಅಲ್ಲಿಗೆ ಹೋಗಿಬರುವ ದಾರಿ ದೂರವಾದ್ದರಿಂದ ಚಿತ್ರ ತಡೆದು ತಡೆದು ಬರುತ್ತದೆ, ಒಮ್ಮೊಮ್ಮೆ ಪ್ರೋಗ್ರಾಮೇ ನಿಂತುಬಿಡುತ್ತದೆ. ಅಂತೂ ಹಿಡಿಸುವಷ್ಟು ಜಾರು ಬೇಕು. ಹಿಡಿಸಿದ ಮೇಲೆ ಬೇಗ ಮುಗಿಸುವುದು ಮೋಟಾರಿನ ಕೆಲಸ.

ಹೆಸರು ಒಂದೇ ಇದ್ದರೂ ವ್ಯತ್ಯಾಸವಿರಬಹುದು ಎಂಬುದಕ್ಕೆ ಅವನು ಒಂದು ಹಳೇ ಉದಾಹರಣೆ ಕೊಟ್ಟ. 2016ರಲ್ಲಿ ಎನ್‌ವಿಡಿಯಾದವರ ಜಿಫೋರ್ಸ್ 940ಎಂಎಕ್ಸ್ ಎಂಬ ಕಾರ್ಡ್ ಬಂದಿತ್ತಂತೆ. ಅದರಲ್ಲೇ ಎರಡು ಬಗೆ. ಒಂದಕ್ಕೆ ಡಿಡಿಆರ್3 ಎಂಬ ಮೆಮೊರಿ, ಇನ್ನೊಂದಕ್ಕೆ ಜಿಡಿಡಿಆರ್5. ಮೊದಲನೆಯದು ಸೆಕೆಂಡಿಗೆ 16 ಜಿಬಿಯಷ್ಟು ಸಾಮಾನು ಸಾಗಿಸಿದರೆ ಎರಡನೆಯದು 40 ಜಿಬಿ. ಡಬ್ಬದ ಮೇಲೆ ಮಾತ್ರ ಅದೇ ಹೆಸರು, ಅದೇ ‘2 ಜಿಬಿ’. ಕೊಂಡವರಿಗೆ ಹೇಗೆ ಗೊತ್ತಾಗಬೇಕು ಹೇಳಿ! ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿಯವರು ಮಾತ್ರ ತಮ್ಮ ಪ್ರೋಗ್ರಾಮಿಗೆ ಎಂಥ ಕಾರ್ಡ್ ಬೇಕೆಂದು ಹೇಳುವಾಗ ಬರೀ ಜಿಬಿ ಬರೆದು ಬಿಡುವುದಿಲ್ಲ. ಸೆಕೆಂಡಿಗೆ 106 ಜಿಬಿ ಸಾಗಿಸುವಂಥದ್ದಿದ್ದರೆ ಉತ್ತಮ ಎಂದು ವೇಗವನ್ನೂ ಸೇರಿಸಿ ಬರೆಯುತ್ತಾರೆ. (ಓದುವ ಮಕ್ಕಳಿಗೆ ಅವರು ಆಟೋಕ್ಯಾಡನ್ನೂ ರೆವಿಟ್ಟನ್ನೂ ಪುಕ್ಕಟೆ ಕೊಡುತ್ತಾರೆ. ವರ್ಷಕ್ಕೊಮ್ಮೆ ಕಾಲೇಜಿನ ದಾಖಲೆ ತೋರಿಸಿದರಾಯಿತು. ಯಾರಾದರೂ ಅದಕ್ಕೆಂದು ದುಡ್ಡು ಕೇಳಿದರೆ ಕೊಡಬೇಡಿ.)

ಈ ತಿಳುವಳಿಕೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ತುಮಕೂರಿಗೆ ಹೋದೆವು. ಮೊದಲ ಅಂಗಡಿಯ ಹುಡುಗ ನಮ್ಮವರ ಮುಖ ಮಾತ್ರ ನೋಡಿಕೊಂಡು ಮಾತಾಡಿದ. ನಾನೂ ಮಗಳೂ ಅಲ್ಲಿ ಇದ್ದೇವೋ ಇಲ್ಲವೋ! ತೆಳ್ಳನೆಯ ಒಂದನ್ನು ತೆಗೆದು, “ಸಾರ್, 48 ಸಾವಿರಕ್ಕೆ 8 ಜಿಬಿ ಗ್ರಾಫಿಕ್ಸ್” ಎಂದ. ನಮ್ಮವರು ಗೆದ್ದೆ ಎನ್ನುವಂತೆ ನನ್ನ ಕಡೆ ತಿರುಗಿದರು. ಕೇಳಿದ್ದು 4, ಸಿಕ್ಕಿದ್ದು 8, ಮೇಲೆ 22 ಸಾವಿರ ಉಳಿತಾಯ!

“ಆ 8 ಜಿಬಿ ಅದರ ಸ್ವಂತದ್ದೋ, ಕಡ ತಂದದ್ದೋ?” ಎಂದು ನಾನು ಕೇಳಿದೆ.

ಹುಡುಗ ಆಗ ಮೊದಲ ಸಲ ನನ್ನನ್ನು ನೋಡಿದ. “ಹಂಗಂದ್ರೆ ಮೇಡಂ?” ಎಂದ. ಮಗಳೇ ಮುಂದೆ ಹೋಗಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ಎಂಬುದು ತೆರೆಯಿತು. ಅದರಲ್ಲಿ ‘ಪರ್ಫಾರ್ಮೆನ್ಸ್’ ಒತ್ತಿ, ಕೆಳಗೆ ‘ಜಿಪಿಯು’ ಒತ್ತಿದರೆ ಬಂಡವಾಳವೆಲ್ಲ ಬಯಲು. ‘ಶೇರ್ಡ್’ ಎಂದು 7.8 ಜಿಬಿ ತೋರಿಸಿತು. ‘ಡೆಡಿಕೇಟೆಡ್’ ಎಂಬ ಸಾಲೇ ಇರಲಿಲ್ಲ. ಎಂದರೆ ಬೇರೆ ಕಾರ್ಡೇ ಇಲ್ಲ. ಒಳಗಿನ 16 ಜಿಬಿ ರ್ಯಾಮಿನಲ್ಲಿ ಅರ್ಧವನ್ನು ಬೇಕಾದರೆ ಬಳಸಿಕೊಳ್ಳಬಹುದು ಎಂಬ ಲೆಕ್ಕ ಅದು. ನಮ್ಮನೆಯ ಹಾಲಿನ ಪಾತ್ರೆಯನ್ನೇ ನನಗೆ ಉಡುಗೊರೆ ಕೊಟ್ಟ ಹಾಗೆ. ಆ ಹುಡುಗ ಮೋಸ ಮಾಡಲಿಕ್ಕೆ ಹೊರಟವನಲ್ಲ, ಪಾಪ. ಅವನಿಗೆ ಕೊಟ್ಟ ಹಾಳೆಯಲ್ಲಿ ಹಾಗೇ ಇತ್ತು.

ಎರಡನೇ ಅಂಗಡಿಯವರು ಹಿರಿಯರು, ತಾಳ್ಮೆಯವರು. ಎರಡನ್ನು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಆರ್‌ಟಿಎಕ್ಸ್ 2050, 54 ಸಾವಿರ. ಇನ್ನೊಂದರಲ್ಲಿ ಆರ್‌ಟಿಎಕ್ಸ್ 3050, 63 ಸಾವಿರ. ಎರಡಕ್ಕೂ 4 ಜಿಬಿಯೇ, ಎರಡೂ ಸ್ವಂತದ್ದೇ. ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರುಗಳೂ ಎರಡರಲ್ಲೂ 2048! ಹಾಗಾದರೆ 9 ಸಾವಿರ ಏತಕ್ಕೆ? ಮೆಮೊರಿಯಿಂದ ಚಿಪ್ಪಿಗೆ ಸಾಮಾನು ಸಾಗುವ ದಾರಿ 2050ರಲ್ಲಿ 64 ಬಿಟ್, ಈ 3050ರಲ್ಲಿ 128 ಬಿಟ್. ಎರಡರಷ್ಟು ಅಗಲ. ಕುಡಿಯುವ ಕರೆಂಟೂ ಬೇರೆ. 2050 ಹೆಚ್ಚೆಂದರೆ 45 ವ್ಯಾಟಿನದು, 3050 80 ವ್ಯಾಟಿನವರೆಗೂ ಹೋಗುತ್ತದೆ. ಅಷ್ಟರಮಟ್ಟಿಗೆ ದುಡಿಮೆಯೂ ಹೆಚ್ಚು.

ಆದರೂ ನನಗೆ ಸಮಾಧಾನವಿಲ್ಲ. ಏಕೆಂದರೆ ತಮ್ಮನ ಮಗ ಒಂದು ಮಾತು ಒತ್ತಿ ಹೇಳಿದ್ದ. ರ್ಯಾಮು ಕಡಿಮೆಯಾದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆಮೇಲೆ ಹಾಕಿಸಿಕೊಳ್ಳಬಹುದು, ಹಾಕಿಸುವ ಜಾಗವಿದೆಯೇ ಎಂದು ಕೇಳಿ ತೆಗೆದುಕೊಂಡರೆ ಸರಿ. ಗ್ರಾಫಿಕ್ಸ್ ಮೆಮೊರಿ ಮಾತ್ರ ಒಳಗೆ ಬೆಸೆದುಬಿಟ್ಟಿರುತ್ತಾರೆ. ತಂದ ದಿನ ಎಷ್ಟೋ ಐದನೇ ವರ್ಷಕ್ಕೂ ಅಷ್ಟೇ. 4 ಜಿಬಿ ಇವತ್ತಿಗೇ ಕನಿಷ್ಠ ಎನ್ನುವುದಾದರೆ ಕೊನೇ ವರ್ಷ ದೊಡ್ಡ ಕಟ್ಟಡ ಹಾಕುವಾಗ ಏನು ಗತಿ? ಚಟ್ನಿ ಜಾರಿನಲ್ಲಿ ಮದುವೆ ಮನೆಯ ಹಿಟ್ಟು ರುಬ್ಬಿದ ಹಾಗಾಗದೇ?

6 ಜಿಬಿ ತೋರಿಸಿ ಎಂದೆ. ಆರ್‌ಟಿಎಕ್ಸ್ 4050 ತೋರಿಸಿದರು. ಅದು 2023ರಲ್ಲಿ ಬಂದದ್ದು, 2560 ಕೋರು. ಅದರಲ್ಲೂ ಎರಡು ಲ್ಯಾಪ್‌ಟಾಪ್. ಬೆಳ್ಳಿಯಂತೆ ಹೊಳೆಯುವ ತೆಳ್ಳನೆಯದು 79 ಸಾವಿರ, ದಪ್ಪನೆಯ ಕಪ್ಪನೆಯದು 78 ಸಾವಿರ. ಮಗಳ ಕಣ್ಣು ಸಹಜವಾಗಿ ಬೆಳ್ಳಿಯದರ ಮೇಲೆ. ಎನ್‌ವಿಡಿಯಾದವರು ಈ 4050ನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಹೇಗೆ ಬೇಕಾದರೂ ಕೂರಿಸಲು ಲ್ಯಾಪ್‌ಟಾಪ್ ಕಂಪನಿಗಳಿಗೆ ಬಿಟ್ಟಿದ್ದಾರೆ. ತೆಳ್ಳನೆಯದರಲ್ಲಿ ಶಾಖ ಹೊರಗೆ ಹೋಗಲು ಜಾಗ ಕಡಿಮೆಯಾದ್ದರಿಂದ ಕರೆಂಟಿಗೆ ಕಡಿವಾಣ. ವ್ಯಾಟನ್ನು ಡಬ್ಬದ ಮೇಲೆ ಹುಡುಕಿದೆ, ಇರಲಿಲ್ಲ. ಅಂಗಡಿಯವರು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ‘ಸಿಸ್ಟಮ್ ಇನ್ಫರ್ಮೇಷನ್’ ಒಳಗೆ ತೋರಿಸಿದರು. ತೆಳ್ಳನೆಯದು 60, ದಪ್ಪದ್ದು 95. ಹೆಸರು ಒಂದು, ಜಿಬಿ ಒಂದು, ಬೆಲೆಯೂ ಹೆಚ್ಚುಕಡಿಮೆ ಒಂದೇ!

“ಅಮ್ಮ, ಇದು ನೋಡೋಕೆ ಇಟ್ಟಿಗೆ ಇದ್ದ ಹಾಗಿದೆ” ಎಂದು ಮಗಳು ಮೆಲ್ಲಗೆ ಅಂದಳು. “ನೀನು ಓದಲಿಕ್ಕೆ ಹೊರಟಿರುವುದು ಇಟ್ಟಿಗೆ ಕೆಲಸವನ್ನೇ ಅಲ್ಲವೇನೇ?” ಎಂದೆ. ಅಂಗಡಿಯವರೂ ನಕ್ಕರು.

ಸಾಲದ 8 ಸಾವಿರಕ್ಕೆ ಮಗಳು ರಜೆಯಲ್ಲಿ ಪಾಠ ಹೇಳಿ ಗಳಿಸಿದ 3 ಸಾವಿರ ತೆಗೆದಳು. ಉಳಿದ 5 ಸಾವಿರವನ್ನು ಕೊಬ್ಬರಿ ಮಾರಿದ ದುಡ್ಡಿನಲ್ಲಿ ನಮ್ಮವರು ಸೇರಿಸಿದರು. ಬಸ್ಸಿನಲ್ಲಿ ಬರುವಾಗ, “ಕಡ ತಂದದ್ದೋ ಅಂತ ಕೇಳಿದೆಯಲ್ಲ, ಅದನ್ನು ಯಾರು ಹೇಳಿಕೊಟ್ಟರು?” ಎಂದು ಕೇಳಿದರು. ಯಾರೂ ಇಲ್ಲ, ನಮ್ಮ ಓರಗಿತ್ತಿಯ ಒಡವೆ ನೋಡಿ ನೋಡಿ ಬಾಯಿಗೆ ಬಂದ ಮಾತು ಎಂದೆ.

ಇನ್ನು ತಂದ ಮೇಲಿನ ಸಂಗತಿ. ಮೊದಲ ವಾರ ಸ್ಕೆಚ್‌ಅಪ್ ಎಳೆದೆಳೆದು ಓಡುತ್ತಿತ್ತು. 78 ಸಾವಿರ ನೀರಿಗೆ ಹೋಯಿತೇ ಎಂದು ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಅದು ಹೊಸ ಕಾರ್ಡನ್ನು ಬಿಟ್ಟು, ಒಳಗೇ ಇರುವ ಸಣ್ಣ ಗ್ರಾಫಿಕ್ಸಿನಲ್ಲಿ ಕೆಲಸ ಮಾಡುತ್ತಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ’, ಅದರೊಳಗೆ ‘ಗ್ರಾಫಿಕ್ಸ್’ಗೆ ಹೋಗಿ, ಆ ಪ್ರೋಗ್ರಾಮಿಗೆ ‘ಹೈ ಪರ್ಫಾರ್ಮೆನ್ಸ್’ ಎಂದು ಮಗಳು ಆರಿಸಿದಳು. ಸರಿಹೋಯಿತು. ಬ್ಯಾಟರಿಯಲ್ಲಿ ಓಡಿಸಿದರೂ ವೇಗ ತಗ್ಗುತ್ತದೆ. ದೊಡ್ಡ ಕೆಲಸಕ್ಕೆ ಪ್ಲಗ್ ಹಾಕಲೇಬೇಕು. ತೂಕ 2 ಕಿಲೋ 300, ಅದರ ಚಾರ್ಜರೇ ಒಂದು ಇಟ್ಟಿಗೆ, ದಿನಾ ಹೊತ್ತು ಹೊತ್ತು ಹೆಗಲು ನೋವು ಎನ್ನುತ್ತಾಳೆ. ಹಾಸಿಗೆಯ ಮೇಲಿಟ್ಟರೆ ಅಡಿಯ ಕಿಂಡಿಗಳು ಮುಚ್ಚಿ ಕಾದ ಕಾವಲಿಯಾಗುತ್ತದೆ. ಅದಕ್ಕೆ ಒಂದು ಹಳೇ ಮಣೆ ಕೊಟ್ಟು ಕಳಿಸಿದ್ದೇನೆ.

ಎಲ್ಲರಿಗೂ ಇಂಥದೇ ಬೇಕೆಂದು ನಾನು ಹೇಳುತ್ತಿಲ್ಲ. ಮೊನ್ನೆ ಪಕ್ಕದ ಮನೆಯವರು ಬಿ.ಕಾಂ. ಓದುವ ಮಗನಿಗೆ ಕೊಡಿಸಬೇಕು, ನಿಮ್ಮದರಂಥದೇ ಹೇಳಿ ಎಂದು ಬಂದಿದ್ದರು. ಟ್ಯಾಲಿ, ಎಕ್ಸೆಲ್ಲು, ಪಾಠದ ವಿಡಿಯೋ, ಇಷ್ಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಏಕೆ? ಅವನಿಗೆ ಕಡ ತಂದ 8 ಜಿಬಿಯೇ ಧಾರಾಳ. ಆ ದುಡ್ಡನ್ನು ರ್ಯಾಮಿಗೆ ಹಾಕಿ ಎಂದೆ. ಹುಡುಗನ ಮುಖ ಚಿಕ್ಕದಾಯಿತು. ಆಟ ಆಡಲಿಕ್ಕೆ ಕೇಳುತ್ತಿದ್ದನೇನೋ, ನನಗೇನು ಗೊತ್ತು! ಅವನ ತಾಯಿ ಮಾತ್ರ 43 ಸಾವಿರದಲ್ಲಿ ಮುಗಿಸಿ, ಬರುವಾಗ ನಮ್ಮ ಮನೆಗೆ ಅರ್ಧ ಕಿಲೋ ಮೈಸೂರುಪಾಕು ತಂದುಕೊಟ್ಟರು.