ಕೇಳಿದವನಿಗೆ ಹೇಳಬೇಕಾದ ಮಾತು

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದ. ಮಾತಿನ ನಡುವೆ, “ಸಾರ್, ನೀವು ಕ್ರೈಸ್ತರೆಂದು ನಮಗೆಲ್ಲ ಗೊತ್ತಿತ್ತು. ಆದರೆ ಮೂರು ವರ್ಷದಲ್ಲಿ ಒಂದು ದಿನವೂ ನೀವು ಯೇಸುವಿನ ವಿಷಯ ಮಾತನಾಡಲಿಲ್ಲ. ಹೆದರಿಕೆಯೇ?” ಎಂದು ಕೇಳಿದ. ನಕ್ಕು ಸುಮ್ಮನಾದೆ. ಅವನು ಹೋದ ಮೇಲೂ ಪ್ರಶ್ನೆ ಹೋಗಲಿಲ್ಲ. ಅದಕ್ಕೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಾನು ಸುಮ್ಮನಿದ್ದುದು ಹೆದರಿಕೆಯಿಂದಲ್ಲ. ಮೇಷ್ಟರ ಕೈಯಲ್ಲಿ ಅಂಕಪಟ್ಟಿ ಇರುತ್ತದೆ. ಎದುರು ಕುಳಿತ ಮಗು ಎದ್ದುಹೋಗುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದು ನನಗೆ ನ್ಯಾಯವಾಗಿಯೇ ಕಂಡಿದೆ.

ಇದಕ್ಕೆ ನಮ್ಮ ಮನೆತನದ ಕಾರಣವೂ ಒಂದುಂಟು. 1876–78ರ ಮಹಾಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಿಷನರಿ ಮಹಿಳೆ ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಮೆಥಡಿಸ್ಟ್ ಮಿಷನ್ನಿಗೆ ಸೇರಿತು. ನನ್ನ ಅಜ್ಜಿಯ ತಾಯಿ ಅಲ್ಲಿ ಬೆಳೆದವರು. “ಮೊದಲು ಗಂಜಿ ಬಂತು, ಆಮೇಲೆ ದೇವರು ಬಂದ” ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಗಂಜಿ ಇಲ್ಲದಿದ್ದರೆ ನಾನೇ ಇಲ್ಲ. ಆದರೂ ಹಸಿದವರ ಮುಂದೆ ದೇವರ ಮಾತೆತ್ತುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಆ ಮಾತಿನಿಂದಲೇ ಕಲಿತೆ.

ಆದರೆ ಈ ಎಚ್ಚರದ ಮರೆಯಲ್ಲಿ ಹೇಡಿತನವೂ ಅಡಗಿಕೊಳ್ಳಬಲ್ಲದು. ಅದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ನೆರೆಮನೆಯವರೊಬ್ಬರು ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ನೆಲದಡಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದ ಗಣಿ ಅದು. ಅವರು ಮಾರಿಕುಪ್ಪಂ ರೈಲಿನಲ್ಲಿ ಚಾಂಪಿಯನ್ ನಿಲ್ದಾಣದಿಂದ ಬರುತ್ತಿದ್ದರು. ನಾನು ಶಾಲೆ ಮುಗಿಸಿ ಊರಿಗಾಂನಲ್ಲಿ ಹತ್ತುತ್ತಿದ್ದೆ. ಬಂಗಾರಪೇಟೆ ಬರುವವರೆಗೆ ಹರಟೆ. ಅವರ ತಮಿಳು, ನನ್ನ ಕನ್ನಡ, ನಡುವೆ ಇಬ್ಬರಿಗೂ ಬರುತ್ತಿದ್ದ ತೆಲುಗು. ಪ್ರತಿ ಶಿವರಾತ್ರಿಗೆ ಅವರು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ಪ್ರಸಾದ ತರುತ್ತಿದ್ದರು. ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕಜ್ಜಾಯ ಅವರ ಮನೆಗೆ ಹೋಗುತ್ತಿತ್ತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದಂದಿನಿಂದ ಮೊಳಗಿದ ಬದುಕು ಒಂದೇ ದಿನ ನಿಂತಿತು. ಮರುವಾರ ಬಾಕಿಯ ಹಣ ವಿಚಾರಿಸಿ ಹಿಂದಿರುಗುತ್ತಿದ್ದ ಅವರು ರೈಲಿನಲ್ಲಿ ನನ್ನ ಎದುರು ಕುಳಿತರು. ಬಹಳ ಹೊತ್ತಿನ ಮೇಲೆ, “ಮೇಷ್ಟ್ರೇ, ದಿನಾ ಬೆಳಿಗ್ಗೆ ನೀವು ಪ್ರಾರ್ಥನೆ ಮಾಡುವುದು ನಮ್ಮ ಮನೆಗೆ ಕೇಳಿಸುತ್ತದೆ. ನನ್ನಂಥವನಿಗೆ ನಿಮ್ಮ ಯೇಸು ಏನು ಹೇಳುತ್ತಾನೆ?” ಎಂದರು.

“ಎಲ್ಲ ದೇವರೂ ಒಂದೇ ಅಲ್ಲವೇ? ಧೈರ್ಯವಾಗಿರಿ” ಎಂದುಬಿಟ್ಟೆ.

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಸೋತವನಿಗೆ ಬಲೆ ಬೀಸಿದನೆಂದು ಅವರು ತಿಳಿದಾರೆಂಬ ಅಂಜಿಕೆ ನನಗಿತ್ತು. 1999ರಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಮಕ್ಕಳನ್ನು ಸುಟ್ಟ ಸುದ್ದಿಯೂ ಮನಸ್ಸಿನಲ್ಲಿತ್ತು. ಆದರೆ ಅವರು ವಿದ್ಯಾರ್ಥಿಯಲ್ಲ, ಅನಾಥ ಮಗುವಲ್ಲ, ಸಮಾನನಾದ ಸ್ನೇಹಿತ. ತಾವಾಗಿ ಕೇಳಿದ್ದರು. ಅವರಿಗೆ ನಾನು ಕೊಟ್ಟದ್ದು ಯಾರು ಬೇಕಾದರೂ ಕೊಡಬಹುದಾಗಿದ್ದ ಉತ್ತರ.

ಕೆಲವು ವರ್ಷಗಳ ನಂತರ ನನ್ನ ಪತ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದವರು ಅವರೇ. “ಅವತ್ತಿನ ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ” ಎಂದರು. ಅವರು ಮರೆತಿರಲಿಲ್ಲ! ಆಗ ಹೇಳಿದೆ: ಸ್ನೇಹಿತನ ಸಮಾಧಿಯ ಮುಂದೆ ಅತ್ತವನನ್ನೇ ನಾನು ದೇವರೆಂದು ನಂಬಿದ್ದೇನೆ, ಅನ್ಯಾಯವಾಗಿ ಶಿಲುಬೆಗೇರಿದ ಅವನು ಎದ್ದು ಬಂದನೆಂದೂ ನಂಬಿದ್ದೇನೆ, ಈ ರಾತ್ರಿ ನಾನು ಕುಸಿಯದೆ ಕುಳಿತಿರುವುದು ಅದರಿಂದಲೇ. ನನ್ನ ಧ್ವನಿ ನಡುಗುತ್ತಿತ್ತು.

ಅವರು ಪೂರ್ತಿ ಕೇಳಿದರು. “ನನ್ನ ಶಿವ ನನಗಿದ್ದಾನೆ ಮೇಷ್ಟ್ರೇ. ಆದರೆ ಇಷ್ಟು ವರ್ಷ ನಿಮ್ಮ ಮನೆಯ ಜಗಲಿಯವರೆಗೆ ಮಾತ್ರ ಬಂದಿದ್ದೆ. ಇವತ್ತು ಒಳಗೆ ಕರೆದಿರಿ” ಎಂದರು. ಮುಂದಿನ ಶಿವರಾತ್ರಿಗೂ ಪ್ರಸಾದ ತಂದರು.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. 2022ರಲ್ಲಿ ನಮ್ಮ ರಾಜ್ಯದಲ್ಲಿಯೂ ಮತಾಂತರದ ಕಾಯ್ದೆ ಬಂದಾಗ ನಮ್ಮ ಸಭೆಯ ಯುವಕರು, “ಇನ್ನು ಬಾಯಿ ಬಿಡಬಹುದೇ?” ಎಂದು ನನ್ನನ್ನು ಕೇಳಿದ್ದರು. ಕಾನೂನಿನ ಮಾತನ್ನು ವಕೀಲರು ಹೇಳಲಿ. ಮೇಷ್ಟರಾಗಿ ನಾನು ಅವರಿಗೆ ಹೇಳಿದ್ದು ಇಷ್ಟೇ: ಬೀದಿಯಲ್ಲಿ ಕೂಗುವುದಕ್ಕೆ ಗಂಟಲಿದ್ದರೆ ಸಾಕು, ನಾಳೆಯೂ ಎದುರಾಗುವ ನೆರೆಯವನಿಗೆ ನಿಜ ಹೇಳುವುದಕ್ಕೆ, ಅವನು ಒಲ್ಲೆನೆಂದ ಮೇಲೂ ಅವನ ಸ್ನೇಹಿತನಾಗಿ ಉಳಿಯುವುದಕ್ಕೆ ಧೈರ್ಯ ಬೇಕು.

ಮಗೂ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಳ್ಳುತ್ತೇನೆ. ತರಗತಿಯಲ್ಲಿ ನಾನು ಹೆದರಿರಲಿಲ್ಲ. ಹೆದರಿದ್ದು ರೈಲಿನಲ್ಲಿ.